ಹನಿ ಬಿದ್ದದ್ದೆಲ್ಲಿ? ಸೋರಿದ್ದೆಲ್ಲಿ?

ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. ಬಿರುಕಿನಿಂದ ಒಳಗಿಳಿದ ನೀರು ರೀಪಿನ ಮೇಲೆ ಹರಿದು, ಪಕಾಸಿಯ ಗುಂಟ ಜಾರಿ, ಎಲ್ಲೋ ಒಂದು ಮೂಲೆಯಲ್ಲಿ ಹನಿಯಾಗಿ ಬೀಳುತ್ತದೆ. ಹನಿ ಬಿದ್ದ ಜಾಗದ ನೇರ ಮೇಲಿರುವ ಹಂಚನ್ನು ತೆಗೆದು ಹೊಸದು ಹಾಕಿದರೆ ಒಳ್ಳೆಯ ಹಂಚೊಂದು ದಂಡ; ಸೋರುವುದು ಮಾತ್ರ ನಿಲ್ಲುವುದಿಲ್ಲ.

ಹಳೆಯ ಕಾರಿನಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವ ಸೋರತೊಡಗಿದಾಗಲೂ ಆಗುವುದು ಇದೇ. ಕಾರಿನ ಕೆಳಗೆ ಹಸಿರು ಹನಿ ಕಂಡ ಕೂಡಲೇ ಮಾಲೀಕ ಗಾಬರಿಯಾಗಿ ರೇಡಿಯೇಟರ್ ಬದಲಾಯಿಸುತ್ತಾನೆ. ವಾರ ಕಳೆಯುವುದರಲ್ಲಿ ಮತ್ತೆ ಹನಿ. ಪಂಪ್ ಬದಲಾಯಿಸುತ್ತಾನೆ. ಮತ್ತೆ ಹನಿ. ಕೊನೆಗೆ ನೋಡಿದರೆ ಎಂಜಿನ್ನಿನ ಹಿಂಬದಿಯಲ್ಲಿದ್ದ ಗೇಣುದ್ದದ ರಬ್ಬರ್ ಪೈಪೊಂದು ಬಿರಿದಿರುತ್ತದೆ! ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದು ಕೊಟ್ಟರೆ ಆಗುವ ಫಲ ಇದು. ಸೋರಿಕೆಯನ್ನು ಹುಡುಕುವುದು ಕೇವಲ ಸ್ಪ್ಯಾನರ್ ಹಿಡಿಯುವವರ ಕೆಲಸವಲ್ಲ. ಶಾಲೆಯಲ್ಲಿ ಕಲಿಯುವ ಒತ್ತಡ, ಉಷ್ಣ, ವ್ಯಾಕೋಚನ, ಸೂಚಕ ದ್ರಾವಣ ಎಲ್ಲವೂ ಅಲ್ಲಿ ಒಂದಾದ ಮೇಲೊಂದು ಕೆಲಸಕ್ಕೆ ಬರುತ್ತವೆ.

ಉದಾಹರಣೆಗೆ ಒಂದು ಪ್ರಸಿದ್ಧ ಕಾರನ್ನೇ ತೆಗೆದುಕೊಳ್ಳೋಣ.

ಹಿರೋಷಿಮಾದ ಪುಟ್ಟ ಕಾರು

1989ರ ಫೆಬ್ರುವರಿ ತಿಂಗಳಲ್ಲಿ ಅಮೆರಿಕದ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಜಪಾನಿನ ಮಾಜ್ದಾ ಕಂಪೆನಿ ಇಬ್ಬರೇ ಕೂರಬಹುದಾದ, ಮೇಲ್ಛಾವಣಿಯನ್ನು ಹಿಂದಕ್ಕೆ ಮಡಿಸಬಹುದಾದ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ತೋರಿಸಿತು. ಯೂರೋಪಿನಲ್ಲಿ ಅದರ ಹೆಸರು ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಜನಪ್ರಿಯವಾಗಿದ್ದ ಲೋಟಸ್ ಎಲಾನ್‌ನಂಥ ಹಗುರ ಕಾರುಗಳೇ ಅದಕ್ಕೆ ಸ್ಫೂರ್ತಿ. ಹಿರೋಷಿಮಾದಲ್ಲಿ ತಯಾರಾದ ಈ ಕಾರಿನ ಮೊದಲ ಪೀಳಿಗೆ 1997ರವರೆಗೆ ಕಾರ್ಖಾನೆಯಿಂದ ಹೊರಬಂತು. ಆ ಪೀಳಿಗೆಯವೇ ನಾಲ್ಕು ಲಕ್ಷಕ್ಕೂ ಹೆಚ್ಚು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಆಸನದ ಸ್ಪೋರ್ಟ್ಸ್ ಕಾರು ಎಂದು 2000ದಲ್ಲಿ ಗಿನ್ನೆಸ್ ದಾಖಲೆ ಸೇರಿದ ಈ ಮಾದರಿ, 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು.

ಮೊದಲ ಪೀಳಿಗೆಯ ಕಾರುಗಳಿಗೆ ಈಗ ಮೂವತ್ತು ವರ್ಷ ತುಂಬುತ್ತಿದೆ ಅಥವಾ ಈಗಾಗಲೇ ದಾಟಿದೆ. ಅವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಎಷ್ಟು ಮಂದಿ ಇದ್ದಾರೆಂದರೆ, 2017ರಲ್ಲಿ ಮಾಜ್ದಾ ಕಂಪೆನಿಯೇ ಜಪಾನಿನಲ್ಲಿ ಈ ಹಳೆಯ ಕಾರುಗಳನ್ನು ಪುನಃ ಹೊಸದರಂತೆ ಮಾಡಿಕೊಡುವ ಯೋಜನೆಯೊಂದನ್ನು ಪ್ರಕಟಿಸಿತು. ನಿಂತುಹೋಗಿದ್ದ ಕೆಲವು ಬಿಡಿಭಾಗಗಳ ತಯಾರಿಕೆಯೂ ಮತ್ತೆ ಶುರುವಾಯಿತು.

ಇಷ್ಟು ವರ್ಷ ಬಾಳುವ ಗಟ್ಟಿ ಎಂಜಿನ್ನನ್ನು ಒಂದೇ ಮಧ್ಯಾಹ್ನದಲ್ಲಿ ಕೊಲ್ಲಬಲ್ಲ ಶತ್ರು ಯಾವುದು? ವೇಗವಲ್ಲ, ತುಕ್ಕೂ ಅಲ್ಲ. ತಂಪು ಮಾಡುವ ದ್ರವದ ಕೊರತೆ.

ಆರು ಲೀಟರಿನ ಭಾರ

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲ ಚಕ್ರ ತಿರುಗಿಸುವುದಕ್ಕೆ ಹೋಗುತ್ತದೆ ಎಂದುಕೊಂಡರೆ ತಪ್ಪು. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸವಾಗಿ ಸಿಕ್ಕರೆ ಅದೇ ಹೆಚ್ಚು. ಇನ್ನೊಂದು ಪಾಲು ಸೈಲೆನ್ಸರಿನ ಹೊಗೆಯೊಡನೆ ಹೊರಗೆ ಹೋಗುತ್ತದೆ. ಮತ್ತೊಂದು ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ದ್ರವವೇ ಹೊತ್ತು ತಂದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು.

ಈ ಹೊರೆ ಹೊರಲು ನೀರಿಗಿಂತ ಸಮರ್ಥ ದ್ರವ ಸಿಗುವುದು ಕಷ್ಟ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಉಷ್ಣ ಬೇಕು. ಅಂದರೆ ನೀರು ಬಹಳಷ್ಟು ಉಷ್ಣವನ್ನು ನುಂಗಿಕೊಂಡೂ ತಾನು ಹೆಚ್ಚು ಬಿಸಿಯಾಗುವುದಿಲ್ಲ. ಆದರೆ ಬರಿಯ ನೀರಿಗೆ ಮೂರು ದೋಷಗಳಿವೆ. ಚಳಿ ದೇಶದಲ್ಲಿ ಅದು ಹೆಪ್ಪುಗಟ್ಟಿ, ಹಿಗ್ಗಿ, ಎಂಜಿನ್ನಿನ ಎರಕವನ್ನೇ ಸೀಳಬಲ್ಲದು. ನೂರು ಡಿಗ್ರಿಗೆ ಕುದಿದುಬಿಡುತ್ತದೆ. ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಅದಕ್ಕೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನೂ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಬಣ್ಣವನ್ನೂ ಬೆರೆಸುತ್ತಾರೆ. ಇದೇ ಕೂಲೆಂಟ್. ನೀರು ಮತ್ತು ಗ್ಲೈಕಾಲ್ ಸಮಪಾಲು ಸೇರಿದ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ಇರುತ್ತದೆ.

ಕುದಿಯುವ ಬಿಂದುವನ್ನು ಮೇಲೇರಿಸಲು ಇನ್ನೊಂದು ಉಪಾಯವಿದೆ. ಅದು ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರಿನದೇ ಉಪಾಯ. ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ಕವಾಟವೊಂದಿದ್ದು, ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಾಗುವ ತನಕ ಅದು ತೆರೆಯುವುದಿಲ್ಲ. ಆ ಒತ್ತಡದಲ್ಲಿ ಬರಿಯ ನೀರೂ 120 ಡಿಗ್ರಿಯ ಹತ್ತಿರದವರೆಗೆ ಕುದಿಯದು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದಿಲ್ಲ. ರೇಡಿಯೇಟರಿನ ಮುಚ್ಚಳ ಸಡಿಲವಾದರೆ ಎಂಜಿನ್ನೇ ಬೆಂದುಹೋಗುತ್ತದೆ.

ಮೊದಲ ಪೀಳಿಗೆಯ ಎಂಎಕ್ಸ್-5ರಲ್ಲಿ ಹಿಡಿಸುವ ಕೂಲೆಂಟ್ ಸುಮಾರು ಆರು ಲೀಟರು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಎನ್ನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಗಂಟೆಗೆ 18 ಮಿಲಿಲೀಟರ್ ಆಯಿತು. ದಿನವಿಡೀ ಸೋರಿದರೆ 432 ಮಿಲಿಲೀಟರ್. ಹದಿನಾಲ್ಕು ದಿನಕ್ಕೆ? ಆರು ಲೀಟರಿಗಿಂತ ತುಸು ಹೆಚ್ಚು! ಒತ್ತಡ ಏರುವುದು ಎಂಜಿನ್ ಬಿಸಿಯಾದಾಗ ಮಾತ್ರವಾದ್ದರಿಂದ ನಿಜವಾದ ಸೋರಿಕೆ ಇದಕ್ಕಿಂತ ನಿಧಾನ. ಆದರೂ 'ಒಂದು ಹನಿ ತಾನೆ' ಎಂಬ ಉದಾಸೀನ ಎಷ್ಟು ದುಬಾರಿಯಾದೀತು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಮೊದಲ ಪ್ರಶ್ನೆ: ಸೋರಿದ್ದು ಏನು?

ವೈದ್ಯರು ಔಷಧಿ ಬರೆಯುವ ಮೊದಲು ರೋಗಿಯನ್ನು ಪ್ರಶ್ನಿಸುತ್ತಾರೆ. ಇಲ್ಲಿಯೂ ಹಾಗೆಯೇ. ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಮೊದಲು ಸೋರಿದ್ದು ಏನು ಎಂದು ಗೊತ್ತಾಗಬೇಕು.

ರಾತ್ರಿ ಕಾರು ನಿಲ್ಲಿಸಿದ ಮೇಲೆ ಅದರ ಕೆಳಗೆ ಬಿಳಿಯ ರಟ್ಟೊಂದನ್ನು ಹಾಸಿಡಬೇಕು. ಬೆಳಿಗ್ಗೆ ಅದರ ಮೇಲೆ ಬಣ್ಣವಿಲ್ಲದ ನೀರಿನ ಕಲೆ ಮಾತ್ರ ಇದ್ದರೆ ಅದು ಹವಾನಿಯಂತ್ರಕದಿಂದ ತೊಟ್ಟಿಕ್ಕಿದ ತೇವಾಂಶ ಇರಬಹುದು; ಸೆಕೆಗಾಲದಲ್ಲಿ ಅದು ಸಹಜ. ಕಪ್ಪು ಅಥವಾ ಕಂದು ಬಣ್ಣದ ಜಿಡ್ಡಾದರೆ ಎಂಜಿನ್ ಆಯಿಲ್. ಈ ಕಾರಿನ ಎಂಜಿನ್ನಿನ ಹಿಂಬದಿಯಲ್ಲಿ ಕ್ಯಾಮ್ ಶಾಫ್ಟಿನ ಕೋನವನ್ನು ಅಳೆಯುವ ಒಂದು ಸೆನ್ಸರ್ ಇದೆ. ಅದರ ರಬ್ಬರ್ ಉಂಗುರ ವರ್ಷ ಕಳೆದಂತೆ ಕಲ್ಲಿನಂತಾಗಿ ಆಯಿಲ್ ಬಿಡುವುದು ಸಾಮಾನ್ಯ. ಅದನ್ನೇ ಕೂಲೆಂಟ್ ಸೋರಿಕೆ ಎಂದು ಭ್ರಮಿಸಿದವರೂ ಉಂಟು. ರಟ್ಟಿನ ಮೇಲಿನ ಕಲೆ ಹಸಿರೋ ಕೆಂಪೋ ಇದ್ದು, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟೇ. ಪರೀಕ್ಷಿಸಲು ಕೈಗವಸು ಸಾಕು, ನಾಲಗೆ ಬೇಡವೇ ಬೇಡ. ಕಾರಣ ಮುಂದೆ ಹೇಳಿದೆ.

ಎರಡನೆಯ ಪ್ರಶ್ನೆ, ಯಾವಾಗ ಸೋರುತ್ತದೆ ಎಂಬುದು. ಚಳಿಯ ಮುಂಜಾನೆ ಮಾತ್ರ ಸೋರಿ, ಬಿಸಿಯಾದ ಮೇಲೆ ನಿಲ್ಲುವ ಹನಿ ಒಂದು ಬಗೆಯದು. ತಣ್ಣಗಾದಾಗ ರಬ್ಬರು ಲೋಹಕ್ಕಿಂತ ಹೆಚ್ಚು ಕುಗ್ಗುತ್ತದೆ. ಹಾಗಾಗಿ ಪೈಪು ಮತ್ತು ಅದನ್ನು ಬಿಗಿದ ಕ್ಲಿಪ್ಪಿನ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಬಿಸಿಯಾದಾಗ ರಬ್ಬರು ಹಿಗ್ಗಿ ಸಂದು ಮುಚ್ಚುತ್ತದೆ. ಇದಕ್ಕೆ ಪ್ರತಿಯಾಗಿ, ಓಡಿಸಿ ಬಂದ ಮೇಲೆ ಮಾತ್ರ ಕಾಣುವ ಹನಿಗೆ ಕಾರಣ ಒತ್ತಡ. ರೇಡಿಯೇಟರಿನ ಬಿರುಕು, ಪಂಪಿನ ಸೀಲು ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಹೀಗೆ ಸಮಯವೊಂದನ್ನು ಗಮನಿಸುವುದರಿಂದಲೇ ಸಂಶಯಿತರ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಕೆಳಗಿನಿಂದ ಮೇಲಕ್ಕೆ

ಈಗ ಹುಡುಕಾಟ. ಗುರುತ್ವದಿಂದಾಗಿ ದ್ರವ ಕೆಳಗೆ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ಹನಿ ಬಿದ್ದ ಜಾಗ ಕೊನೆಯ ನಿಲ್ದಾಣವೇ ಹೊರತು ಮೂಲವಲ್ಲ. ತಣ್ಣಗಿರುವ ಎಂಜಿನ್ನಿನ ಮೇಲೆ ಬ್ಯಾಟರಿ ಬಿಟ್ಟು, ಹನಿಯಿಂದ ಆರಂಭಿಸಿ ಒದ್ದೆಯ ಜಾಡನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಹೋಗಬೇಕು. ಎಲ್ಲಕ್ಕಿಂತ ಎತ್ತರದಲ್ಲಿರುವ ಒದ್ದೆ ಜಾಗ ಯಾವುದೋ ಅದೇ ಮುಖ್ಯ ಸಂಶಯಿತ. ಬಿಸಿ ಲೋಹದ ಮೇಲೆ ಬಿದ್ದ ಹನಿ ಒಣಗಿ ಹೋಗಿದ್ದರೂ ಬಿಳಿ ಅಥವಾ ಹಸಿರು ಹಕ್ಕಳೆಯ ಗುರುತನ್ನು ಬಿಟ್ಟಿರುತ್ತದೆ.

ಎಂಎಕ್ಸ್-5ರಲ್ಲಿ ಮುಖ್ಯವಾಗಿ ನೋಡಬೇಕಾದ ಜಾಗಗಳು ಇವು.

ಮೊದಲನೆಯದು ರೇಡಿಯೇಟರ್. ಇದರ ನಡುಭಾಗ ಅಲ್ಯೂಮಿನಿಯಂ, ಮೇಲಿನ ಮತ್ತು ಕೆಳಗಿನ ತೊಟ್ಟಿಗಳು ಪ್ಲಾಸ್ಟಿಕ್. ಹೊಸದರಲ್ಲಿ ಅಚ್ಚಗಪ್ಪಾಗಿರುವ ಮೇಲಿನ ತೊಟ್ಟಿ, ವರ್ಷಗಟ್ಟಲೆ ಬಿಸಿ ತಿಂದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾಯಿತೆಂದರೆ ಪ್ಲಾಸ್ಟಿಕ್ಕಿನ ಬಲ ಕುಂದಿ ಪೆಡಸಾಗಿದೆ ಎಂದರ್ಥ. ಈ ಕಾರುಗಳ ಮಾಲೀಕರು ಇದನ್ನು ಸೋರಿಕೆಗೆ ಮುಂಚಿನ ಎಚ್ಚರಿಕೆ ಎಂದೇ ಪರಿಗಣಿಸುತ್ತಾರೆ. ಬಿರುಕು ಬಿಡುವ ತನಕ ಕಾಯುವುದಿಲ್ಲ.

ಎರಡನೆಯದು ವಾಟರ್ ಪಂಪ್. ಇದರ ಅಡಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಅದು ಸೋರುವುದಕ್ಕೆಂದೇ ಮಾಡಿದ ರಂಧ್ರ! ಒಳಗಿನ ಸೀಲು ಸವೆದಾಗ ದ್ರವ ಬೇರಿಂಗಿಗೆ ನುಗ್ಗದೆ ಈ ದಾರಿಯಿಂದ ಹೊರಬಿದ್ದು ಸುದ್ದಿ ಕೊಡಲಿ ಎಂಬುದು ತಯಾರಕರ ಉದ್ದೇಶ. ಈ ರಂಧ್ರವನ್ನು ಅಂಟು ಹಾಕಿ ಮುಚ್ಚುವುದೆಂದರೆ ಬೆಂಕಿ ಬಿದ್ದಾಗ ಗಂಟೆಯ ಬಾಯಿಗೆ ಬಟ್ಟೆ ತುರುಕಿದಂತೆ.

ಮೂರನೆಯದು ರಬ್ಬರ್ ಪೈಪುಗಳು. ರೇಡಿಯೇಟರಿನ ಮೇಲಿನ ಹಾಗೂ ಕೆಳಗಿನ ದಪ್ಪ ಪೈಪುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಥ್ರಾಟಲ್ ಬಾಡಿಗೆ ಹೋಗುವ ಸಣ್ಣ ಪೈಪುಗಳು, ಎಂಜಿನ್ನಿನ ಹಿಂದೆ ಗೋಡೆಗೆ ಒತ್ತಿಕೊಂಡಿರುವ ಹೀಟರ್ ಪೈಪುಗಳು ಕಾಣುವುದಿಲ್ಲ. ಕಾಣದ್ದರಿಂದಲೇ ಅವನ್ನು ಬದಲಾಯಿಸಿರುವುದಿಲ್ಲ. ಕನ್ನಡಿಯೊಂದನ್ನು ಹಿಂದೆ ಹಿಡಿದು ನೋಡಬೇಕು. ತಣ್ಣಗಿರುವಾಗ ಹಿಸುಕಿದರೆ ಒಳ್ಳೆಯ ಪೈಪು ಮೃದುವಾಗಿ ಪುಟಿಯುತ್ತದೆ. ಹಾಳಾದದ್ದು ಒಣಕಟ್ಟಿಗೆಯಂತೆ ಬಿರಿಯುತ್ತದೆ ಅಥವಾ ಹಿಟ್ಟಿನಂತೆ ಮೆತ್ತಗಾಗಿರುತ್ತದೆ.

ಎಂಜಿನ್ನಿನ ಹಿಂಬದಿಗೆ ಈ ಕಾರಿನಲ್ಲಿ ಒಂದು ವಿಶೇಷ ಮಹತ್ವವೂ ಇದೆ. ಇದರ ಎಂಜಿನ್ ಮೂಲತಃ ಮಾಜ್ದಾದ ಕುಟುಂಬ ಬಳಕೆಯ ಕಾರಿನಲ್ಲಿ ಅಡ್ಡಲಾಗಿ ಕೂರುತ್ತಿದ್ದ ವಂಶದ್ದು. ಅಲ್ಲಿ ಪಂಪು ಒಂದು ತುದಿಯಲ್ಲಿ, ಬಿಸಿ ನೀರು ಹೊರಬರುವ ಬಾಯಿ ಇನ್ನೊಂದು ತುದಿಯಲ್ಲಿ. ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ಹಿಂದೆ ಜಾಗ ಸಾಲದೆ, ಆ ಬಾಯಿಯನ್ನೂ ಮುಂದಕ್ಕೇ ತಂದರು. ಹೀಗಾಗಿ ಹಿಂದಿನ ಸಿಲಿಂಡರಿನ ಕಡೆಗೆ ದ್ರವವನ್ನು ಎಳೆಯುವ ಕೆಲಸ ಬಹುಮಟ್ಟಿಗೆ ಹೀಟರಿನ ಪೈಪುಗಳದ್ದಾಯಿತು. 'ಹೀಟರ್ ಪೈಪು ತಾನೆ, ಅದಿಲ್ಲದಿದ್ದರೂ ಕಾರು ಓಡುತ್ತದೆ' ಎಂದು ಸೋರುವ ಪೈಪಿಗೆ ಬಿರಡೆ ಜಡಿಯುವುದು ಈ ಕಾರಿನಲ್ಲಿ ಜಾಣತನವಲ್ಲ.

ಬಾಟಲಿ ಹೇಳುವ ಸುಳ್ಳು

ಬಾನೆಟ್ಟಿನ ಕೆಳಗೆ ಕೂಲೆಂಟಿನ ಪ್ಲಾಸ್ಟಿಕ್ ಬಾಟಲಿಯೊಂದಿರುತ್ತದೆ. ಅದರಲ್ಲಿ ಗೆರೆಯವರೆಗೆ ದ್ರವವಿದ್ದರೆ ಎಲ್ಲ ಸರಿಯಾಗಿದೆ ಎಂದು ಅನೇಕರು ತಿಳಿಯುತ್ತಾರೆ. ಎಂಎಕ್ಸ್-5ರಂಥ ಕಾರುಗಳಲ್ಲಿ ಇದು ಮೋಸ ಮಾಡಬಲ್ಲದು.

ರೇಡಿಯೇಟರಿನ ಮುಚ್ಚಳದಲ್ಲಿ ಎರಡು ಕವಾಟಗಳಿವೆ. ಬಿಸಿಯಾಗಿ ಹಿಗ್ಗಿದ ದ್ರವ ಒಂದರ ಮೂಲಕ ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಒಳಗೆ ಒತ್ತಡ ತಗ್ಗಿ, ಇನ್ನೊಂದು ಕವಾಟ ತೆರೆದು, ಬಾಟಲಿಯ ದ್ರವ ಮರಳಿ ಒಳಗೆ ಬರುತ್ತದೆ. ಆದರೆ ಮೇಲ್ಭಾಗದಲ್ಲೆಲ್ಲೋ ಸಣ್ಣ ಬಿರುಕು ಇದೆ ಎನ್ನಿ. ತಣ್ಣಗಾಗುವಾಗ ಬಾಟಲಿಯಿಂದ ದ್ರವವನ್ನು ಎಳೆಯುವ ಬದಲು ಬಿರುಕಿನಿಂದ ಗಾಳಿಯನ್ನು ಎಳೆಯುವುದು ಸುಲಭ. ರೇಡಿಯೇಟರ್ ದಿನದಿಂದ ದಿನಕ್ಕೆ ಬರಿದಾಗುತ್ತಾ ಹೋದರೂ ಬಾಟಲಿ ಮಾತ್ರ ತುಂಬಿಯೇ ಇರುತ್ತದೆ! ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನೇ ತೆರೆದು ನೋಡಬೇಕು.

ಉಷ್ಣತೆ ತೋರಿಸುವ ಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ಅದರ ಸೆನ್ಸರ್ ದ್ರವದಲ್ಲಿ ಮುಳುಗಿರುವವರೆಗೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ದ್ರವ ಇಳಿದುಹೋಗಿ ಸೆನ್ಸರಿನ ಸುತ್ತ ಬರೀ ಗಾಳಿ ಉಳಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಏರದೆ ಇರಬಹುದು. ಹೀಟರಿನಿಂದ ಬಿಸಿ ಗಾಳಿ ಬರುವುದು ಇದ್ದಕ್ಕಿದ್ದಂತೆ ನಿಂತರೆ ಅದೂ ಒಂದು ಸೂಚನೆ.

ಪ್ಯಾಸ್ಕಲನ ನಿಯಮ ಗ್ಯಾರೇಜಿನಲ್ಲಿ

ಕಣ್ಣಿಗೆ ಏನೂ ಕಾಣದಿದ್ದರೆ ಒತ್ತಡದ ಪರೀಕ್ಷೆ ಮಾಡಬೇಕು. ಮುಚ್ಚಳದ ಜಾಗದಲ್ಲಿ ಸೈಕಲ್ ಪಂಪಿನಂಥ ಒಂದು ಸಣ್ಣ ಕೈಪಂಪನ್ನು ಜೋಡಿಸುತ್ತಾರೆ. ಅದಕ್ಕೊಂದು ಒತ್ತಡದ ಮೀಟರಿರುತ್ತದೆ. ತಣ್ಣಗಿರುವ ಎಂಜಿನ್ನಿನೊಳಗೆ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡವನ್ನು ತುಂಬಿ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಅದಕ್ಕಿಂತ ಹೆಚ್ಚು ತುಂಬಿದರೆ ಒಳ್ಳೆಯ ಭಾಗವೇ ಒಡೆದೀತು.

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಬ್ಬುತ್ತದೆ ಎಂಬ ಪ್ಯಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿ ಆಗುವುದೂ ಅದೇ. ಪ್ರತಿ ಪೈಪು, ಪ್ರತಿ ಕ್ಲಿಪ್ಪು, ಪ್ರತಿ ಸೀಲು ಏಕಕಾಲಕ್ಕೆ ಪರೀಕ್ಷೆಗೆ ಒಳಗಾಗುತ್ತದೆ. ಎಲ್ಲಿ ಬಲ ಕಡಿಮೆಯೋ ಅಲ್ಲಿ ಹನಿ ಮೂಡುತ್ತದೆ. ಎಂಜಿನ್ ಓಡುತ್ತಿಲ್ಲದ್ದರಿಂದ ಫ್ಯಾನಿನ ಗಾಳಿಯಿಲ್ಲ, ಬಿಸಿಗೆ ಹನಿ ಆರಿಹೋಗುವುದೂ ಇಲ್ಲ. ಮೀಟರಿನ ಮುಳ್ಳು ಅಲುಗಾಡದೆ ನಿಂತರೆ ಸಂಶಯ ಮುಚ್ಚಳದ ಕಡೆಗೆ ತಿರುಗಬೇಕು. ಏಕೆಂದರೆ ಪರೀಕ್ಷೆಯಲ್ಲಿ ಪಾಲ್ಗೊಳ್ಳದೆ ಹೊರಗೆ ಉಳಿದ ಭಾಗ ಅದೊಂದೇ. ಅದನ್ನೂ ಅದೇ ಪಂಪಿಗೆ ಜೋಡಿಸಿ ಪರೀಕ್ಷಿಸಬಹುದು. ಎಷ್ಟೋ ಸಲ ರೋಗವಿರುವುದು ಎಲ್ಲಕ್ಕಿಂತ ಅಗ್ಗವಾದ ಈ ಮುಚ್ಚಳದಲ್ಲೇ.

ಇನ್ನೂ ಸೂಕ್ಷ್ಮ ಸೋರಿಕೆಗೆ ಇನ್ನೊಂದು ವಿಧಾನವಿದೆ. ಪ್ರತಿದೀಪ್ತಿಯ ಗುಣವುಳ್ಳ ಬಣ್ಣವನ್ನು ಕೂಲೆಂಟಿಗೆ ಬೆರೆಸಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಸೋರಿದ ಜಾಡು ಹಸಿರು ಹಳದಿಯಾಗಿ ಹೊಳೆಯುತ್ತದೆ.

ಹೊರಗೆ ಹನಿಯಿಲ್ಲ, ಒಳಗೆ ಖಾಲಿ

ರಟ್ಟು ಒಣಗಿಯೇ ಇದೆ, ಆದರೂ ಕೂಲೆಂಟ್ ಕಡಿಮೆಯಾಗುತ್ತಿದೆ. ಇದು ಅತ್ಯಂತ ಕಳವಳದ ಸ್ಥಿತಿ. ಇಲ್ಲಿ ಎರಡು ಸಾಧ್ಯತೆಗಳು ಮುಖ್ಯ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನ ಮಂಜು, ಕಾಲಡಿಯ ಕಾರ್ಪೆಟ್ ಒದ್ದೆ ಎಂದಾದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಪುಟ್ಟ ರೇಡಿಯೇಟರ್ ತೂತಾಗಿದೆ. ಇಲ್ಲವಾದರೆ ದ್ರವ ಎಂಜಿನ್ನಿನೊಳಗೇ ಉರಿದುಹೋಗುತ್ತಿರಬಹುದು. ಅಂದರೆ ಹೆಡ್ ಗ್ಯಾಸ್ಕೆಟ್ ಬಿಟ್ಟಿದೆ.

ಎಂಎಕ್ಸ್-5ರ ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ನಡುವಿನ ಗ್ಯಾಸ್ಕೆಟ್ ಈ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ದ್ರವವಿಲ್ಲದೆ ಎಂಜಿನ್ ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸೀಳುತ್ತದೆ. ಆಗ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಬಹುದು. ರೇಡಿಯೇಟರಿನಲ್ಲಿ ಗುಳ್ಳೆಗಳು ಏಳಬಹುದು.

ಇದನ್ನು ಖಚಿತಪಡಿಸಿಕೊಳ್ಳಲು ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆ ಶಾಲೆಯ ಪ್ರಯೋಗಶಾಲೆಯದೇ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನಂತಾಗುತ್ತದೆ. ಉಸಿರಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಇದೆ ಎಂದು ಇದರಿಂದ ತಿಳಿಯುತ್ತದೆ. ಗ್ಯಾರೇಜಿನಲ್ಲಿ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕವಿರುವ ನೀಲಿ ದ್ರಾವಣವನ್ನು ಬಳಸುತ್ತಾರೆ. ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಬಾಯಿಯ ಮೇಲಿನ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆದರೆ, ಉರಿದ ಪೆಟ್ರೋಲಿನ ಕಾರ್ಬನ್ ಡೈ ಆಕ್ಸೈಡ್ ಅದರಲ್ಲಿದ್ದಲ್ಲಿ ದ್ರಾವಣ ಆಮ್ಲೀಯವಾಗಿ ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ ನಿಟ್ಟುಸಿರು ಬಿಡಬಹುದು.

ಮದ್ದು ಯಾವುದು?

ಮೂಲ ಗೊತ್ತಾದ ಮೇಲೆ ದುರಸ್ತಿ ಬಹುಪಾಲು ನೇರ. ಸಡಿಲ ಕ್ಲಿಪ್ಪಾದರೆ ಹೊಸದು ಹಾಕಬೇಕು. ಕಾರ್ಖಾನೆಯವರು ಹಾಕುವ ಸ್ಪ್ರಿಂಗ್ ಕ್ಲಿಪ್ಪು ರಬ್ಬರು ಹಿಗ್ಗಿ ಕುಗ್ಗಿದಂತೆ ತಾನೂ ಹೊಂದಿಕೊಳ್ಳುತ್ತದೆ. ಸ್ಕ್ರೂ ಇರುವ ಕ್ಲಿಪ್ಪನ್ನು ಅತಿಯಾಗಿ ಬಿಗಿದರೆ ರಬ್ಬರನ್ನೇ ಕತ್ತರಿಸುತ್ತದೆ. ಒಂದು ಪೈಪು ಹಾಳಾಗಿದ್ದರೆ ಅದೇ ವಯಸ್ಸಿನ ಉಳಿದ ಪೈಪುಗಳನ್ನೂ ಒಟ್ಟಿಗೆ ಬದಲಿಸುವುದು ಲೇಸು. ಹಿಂದಿನ ಕಾಲದ ತಾಮ್ರ ಹಿತ್ತಾಳೆಯ ರೇಡಿಯೇಟರುಗಳಿಗೆ ಬೆಸುಗೆ ಹಾಕಬಹುದಿತ್ತು. ಪ್ಲಾಸ್ಟಿಕ್ ತೊಟ್ಟಿ ಬಿರಿದರೆ ಬದಲಾಯಿಸುವುದೇ ದಾರಿ.

ಎಂಎಕ್ಸ್-5ರ ವಾಟರ್ ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟ್. ಆದರೆ ಪಂಪನ್ನು ಕಳಚಲು ಒಳಗಿನ ಟೈಮಿಂಗ್ ಬೆಲ್ಟನ್ನೂ ಬಿಚ್ಚಬೇಕು. ಹಾಗಾಗಿ ತಿಳಿದವರು ಟೈಮಿಂಗ್ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿಬಿಡುತ್ತಾರೆ. ಹೆಡ್ ಗ್ಯಾಸ್ಕೆಟ್ಟಿನ ಕೆಲಸ ಮಾತ್ರ ದೊಡ್ಡದು. ಹೆಡ್ಡನ್ನು ಇಳಿಸಿ, ಅದು ಸಮತಟ್ಟಾಗಿದೆಯೇ ಎಂದು ಅಳೆದು, ಬೇಕಾದರೆ ಮೇಲ್ಮೈಯನ್ನು ತರಿಸಿ, ಹೊಸ ಗ್ಯಾಸ್ಕೆಟ್ ಕೂರಿಸಬೇಕು. ಕೆಲವು ರೂಪಾಯಿಯ ಕ್ಲಿಪ್ಪನ್ನು ಅಲಕ್ಷಿಸಿದ್ದಕ್ಕೆ ತೆರುವ ದಂಡ ಇದು.

ರೇಡಿಯೇಟರಿಗೆ ಅರಿಶಿನಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂಬ ಮಾತು ನಮ್ಮ ಲಾರಿ ಚಾಲಕರಲ್ಲಿದೆ. ಪರದೇಶಗಳಲ್ಲಿ ಇದೇ ಕೆಲಸಕ್ಕೆ ಕರಿಮೆಣಸಿನ ಪುಡಿ ಹಾಕಿದವರಿದ್ದಾರೆ. ಡಬ್ಬಿಗಳಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿಗಳೂ ಇವೆ. ಕಣಗಳು ಸಣ್ಣ ರಂಧ್ರದಲ್ಲಿ ಸಿಕ್ಕಿ ಅದನ್ನು ಮುಚ್ಚುವುದು ನಿಜ. ನಿರ್ಜನ ರಸ್ತೆಯಲ್ಲಿ ಊರು ಸೇರಲು ಅದು ನೆರವಾದೀತು. ಆದರೆ ಯಾವ ರಂಧ್ರವನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಪುಡಿಗಿಲ್ಲ. ಹೀಟರಿನ ಸಪುರ ಕೊಳವೆಗಳನ್ನೂ ಅದು ಕಟ್ಟಿಹಾಕುತ್ತದೆ.

ದುರಸ್ತಿಯಾದ ಮೇಲೆ ತುಂಬುವ ನೀರು ಭಟ್ಟಿ ಇಳಿಸಿದ್ದಾಗಿರಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಅದೇ ಪದರ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಮೇಲಾಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಎಂಬ ಎರಡು ಲೋಹಗಳ ನಡುವೆ ಲವಣದ ನೀರು ಸೇರಿದರೆ ಅದು ವಿದ್ಯುತ್ ಕೋಶವೇ ಆಗಿ ಅಲ್ಯೂಮಿನಿಯಂ ಸವೆಯುತ್ತದೆ. ತುಂಬುವಾಗ ಕಾರಿನ ಮುಂಭಾಗವನ್ನು ತುಸು ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ನಿಧಾನವಾಗಿ ಹುಯ್ಯಬೇಕು. ಆಮೇಲೆ ಎಂಜಿನ್ ಓಡಿಸಿ, ಗುಳ್ಳೆಗಳು ಬರುವುದು ನಿಲ್ಲುವವರೆಗೆ ಕಾಯಬೇಕು. ಒಳಗೆ ಗಾಳಿಯ ಗುಳ್ಳೆ ಉಳಿದರೆ ಹೊಸ ಪಂಪೂ ದ್ರವವನ್ನು ಸರಿಯಾಗಿ ತಳ್ಳಲಾರದು.

ಎರಡು ಎಚ್ಚರಿಕೆಗಳು

ಘಾಟಿ ರಸ್ತೆಯಲ್ಲಿ ಬಾನೆಟ್ ತೆರೆದು ನಿಂತ ವಾಹನಗಳನ್ನು ನೋಡದವರಿಲ್ಲ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆರೆಯುವುದು ಎಂಥ ಅಪಾಯ ಎಂಬುದಕ್ಕೆ ಒಂದು ಲೆಕ್ಕ. ಆರು ಕಿಲೋಗ್ರಾಂ ನೀರು ಒತ್ತಡದಲ್ಲಿ 110 ಡಿಗ್ರಿಯಲ್ಲಿದೆ ಎಂದುಕೊಳ್ಳೋಣ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಅದು ನೂರು ಡಿಗ್ರಿಗೆ ಬರಬೇಕು. ಹೆಚ್ಚುವರಿ ಉಷ್ಣ 6 × 4.2 × 10, ಅಂದರೆ 252 ಕಿಲೋಜೂಲ್. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು. ಆದ್ದರಿಂದ ಸುಮಾರು 110 ಗ್ರಾಂ ನೀರು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಅದರ ಗಾತ್ರ ಹೆಚ್ಚುಕಡಿಮೆ 185 ಲೀಟರು! ಕುದಿಯುವ ದ್ರವವನ್ನೂ ಜೊತೆಗೆ ಚಿಮ್ಮಿಸಿಕೊಂಡು ಅದು ಹೊರಬರುವುದು ತೆರೆದವನ ಮುಖದ ಮೇಲೆ. ಎಂಜಿನ್ ಪೂರ್ತಿ ಆರುವ ತನಕ ಕಾಯುವುದೊಂದೇ ಉಪಾಯ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಫ್ಯಾನು ತಾನಾಗಿ ತಿರುಗಬಹುದಾದ್ದರಿಂದ ಬೆರಳುಗಳೂ ಜೋಕೆ.

ಎರಡನೆಯದು ತಾಯಿತಂದೆಯರು ಗಮನಿಸಬೇಕಾದದ್ದು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುವುದುಂಟು. ಮಕ್ಕಳಿಗೂ ಅದೇ ಅಪಾಯ. ಕೂಲೆಂಟನ್ನು ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು. ಮೂಲ ಡಬ್ಬಿಯಲ್ಲೇ ಇಟ್ಟು, ಹೆಸರು ಕಾಣುವಂತೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಬೇಕು. ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು. ತೆಗೆದ ಹಳೆಯ ದ್ರವವನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯದೆ, ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಒಪ್ಪಿಸಬೇಕು. ಯಾರಾದರೂ ಕುಡಿದಿರುವ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಗ ಹೋದರೆ ಇದಕ್ಕೆ ಚಿಕಿತ್ಸೆಯಿದೆ.

ಕೊನೆಯದಾಗಿ ಒಂದು ಮಾತು. ದುರಸ್ತಿ ಮುಗಿಯಿತೆಂದು ಬಾನೆಟ್ ಮುಚ್ಚುವ ಮೊದಲು ಅದೇ ಕೈಪಂಪನ್ನು ಮತ್ತೆ ಜೋಡಿಸಿ, ಅದೇ ಒತ್ತಡ ತುಂಬಿ, ಅಷ್ಟೇ ಹೊತ್ತು ಕಾಯಬೇಕು. ಕೆಲವು ದಿನ ಬಿಳಿಯ ರಟ್ಟನ್ನೂ ಹಾಸಿಡಬೇಕು. ಮುಳ್ಳು ಕದಲದೆ ನಿಂತು, ರಟ್ಟು ಬೆಳಿಗ್ಗೆ ಒಣಗಿಯೇ ಇದ್ದರೆ ಮಾತ್ರ ಕೆಲಸ ಮುಗಿದಂತೆ. ಲೆಕ್ಕ ಬಿಡಿಸಿದ ವಿದ್ಯಾರ್ಥಿ ಉತ್ತರವನ್ನು ಮತ್ತೆ ಸಮೀಕರಣದಲ್ಲಿ ಹಾಕಿ ತಾಳೆ ನೋಡುತ್ತಾನಲ್ಲ, ಒಳ್ಳೆಯ ಮೆಕ್ಯಾನಿಕ್ ಕೊನೆಯಲ್ಲಿ ಮಾಡುವುದೂ ಅದನ್ನೇ.